ಅಟ್ಟದ ಮೇಲಿನ ಮೆಣಸಿನ ಬೀಜ: ಎಸೆಯುವ ಮುನ್ನ ಎಣಿಸಿ ನೋಡಿ

ನವರಾತ್ರಿ ಕಳೆದು ಮಳೆ ಹಿಂದೆ ಸರಿಯತೊಡಗಿದೊಡನೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಸುತ್ತಮುತ್ತಲಿನ ಹಿತ್ತಲುಗಳಲ್ಲಿ ಒಂದು ಕೆಲಸ ಆರಂಭವಾಗುತ್ತದೆ. ಮಣ್ಣು ಸಡಿಲಿಸಿ, ಕಳಿತ ಗೊಬ್ಬರ ಬೆರೆಸಿ, ಎತ್ತರದ ಪಾತಿ ಮಾಡಿ ಮೆಣಸಿನ ಬೀಜ ಹಾಕುತ್ತಾರೆ. ಗದ್ದೆಯ ಭತ್ತ ಕೊಯ್ಲಾಗಿ ನೆಲ ಬಿಡುವಾಗುವ ಹೊತ್ತಿಗೆ ಸಸಿ ನಾಟಿಗೆ ಸಿದ್ಧವಾಗಿರಬೇಕು. ಈ ಲೆಕ್ಕ ಹದಿನೈದು ಇಪ್ಪತ್ತು ದಿನ ತಪ್ಪಿದರೆ ಗದ್ದೆಯ ತೇವ ಆರುತ್ತದೆ, ಕಾಯಿ ಕಚ್ಚುವ ಕಾಲಕ್ಕೆ ಬಿಸಿಲು ಏರುತ್ತದೆ, ನೀರು ಹೊಯ್ಯುವ ಶ್ರಮ ಹೆಚ್ಚುತ್ತದೆ. ಆದ್ದರಿಂದ ಪಾತಿಯಲ್ಲಿ ಬೀಜ ಏಳದಿದ್ದರೆ ಆಗುವ ನಷ್ಟ ಬರಿಯ ಬೀಜದ ಬೆಲೆಯಲ್ಲ. ಒಂದು ಹಂಗಾಮಿನ ನಷ್ಟ.

ಕೆಲವು ವರ್ಷಗಳ ಹಿಂದೆ ಇಂಥದೇ ದಿನಗಳಲ್ಲಿ ಅಲ್ಲಿ ಸೇರಿದ್ದ ರೈತರ ಸಭೆಗೆ ನಾನು ಹೋಗಿದ್ದೆ. ಸಭೆ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಮೆಣಸಿನ ಬೀಜ ತೋರಿಸಿದರು.

“ಸಾಹೇಬ್ರೇ, ಪಾತಿಗೆ ಎರಡು ಸಲ ಹಾಕ್ದೆ. ಒಂದೂ ಏಳ್ಲಿಲ್ಲ. ನಮ್ಮ ಅತ್ತೆ ಕಾಲದಿಂದ ಬಂದ ಬೀಜ. ಇದ್ಕೆ ಎಂತ ಆಯ್ತು ಹೇಳಿ” ಎಂದರು.

ಹೊಸ ಮೆಣಸಿನ ಬೀಜ ಹುಲ್ಲಿನ ಹಳದಿ ಬಣ್ಣಕ್ಕಿರುತ್ತದೆ. ಅವರ ಕೈಯಲ್ಲಿದ್ದುದು ಕಂದು ತಿರುಗಿತ್ತು. ನಾನು ಒಂದು ನಿಮಿಷವೂ ಯೋಚಿಸದೆ, “ಇದು ಸತ್ತ ಬೀಜ ಅಮ್ಮಾ, ಎಸೆದುಬಿಡಿ. ಪೊಟ್ಟಣದ ಹೊಸ ಬೀಜ ತನ್ನಿ” ಎಂದುಬಿಟ್ಟೆ. ಆದರೂ ರೂಢಿಯ ಬಲದಿಂದ ಆ ಹಿಡಿ ಬೀಜವನ್ನು ಒಂದು ಲಕೋಟೆಗೆ ಹಾಕಿಕೊಂಡು ಬಂದು, ನೂರು ಬೀಜ ಎಣಿಸಿ ಒದ್ದೆ ಕಾಗದದ ಮೇಲೆ ಇಟ್ಟೆ. ಹದಿನಾಲ್ಕನೆಯ ದಿನಕ್ಕೆ ನಾಲ್ಕು ಮೊಳೆತಿದ್ದವು. ಇನ್ನೊಂದು ವಾರ ಬಿಟ್ಟು ನೋಡಿದಾಗ ಒಂಬತ್ತಾಗಿದ್ದವು. ಸತ್ತಿವೆ ಎಂದು ನಾನು ತೀರ್ಪು ಕೊಟ್ಟ ಬೀಜದಲ್ಲಿ ನೂರಕ್ಕೆ ಒಂಬತ್ತು ಬದುಕಿದ್ದವು!

ಈ ಸುದ್ದಿ ಹೇಳಲು ಮತ್ತೆ ಅವರ ಮನೆಗೆ ಹೋದಾಗ ತಡವಾಗಿತ್ತು. ಮಡಕೆಯಲ್ಲಿ ಉಳಿದದ್ದನ್ನೆಲ್ಲ ಅವರು ಬಚ್ಚಲ ಒಲೆಗೆ ಸುರಿದಿದ್ದರು. “ಸತ್ತಿದೆ ಅಂತ ನೀವೇ ಹೇಳಿದ್ರಲ್ಲ” ಎಂದರು. ಅದರಲ್ಲಿ ಆಕ್ಷೇಪವೂ ಇರಲಿಲ್ಲ. ಒಂಬತ್ತು ಮೊಳಕೆಗಳಲ್ಲಿ ಆರು ಗಿಡಗಳಾದವು. ಅವುಗಳ ಬೀಜವನ್ನು ಮರುವರ್ಷ ಅವರಿಗೆ ಮರಳಿಸಿದ್ದೇನೆ. ಆದರೆ ಒಂದು ಊರ ತಳಿಯ ಗುಣಗಳೆಲ್ಲ ಆರು ಗಿಡಗಳಲ್ಲಿ ಅಡಗಿರುವುದಿಲ್ಲ. ಆ ಮಡಕೆಯಲ್ಲಿದ್ದ ಬೇರೆ ಎಷ್ಟೋ ಗುಣಗಳು ನನ್ನ ಒಂದು ಮಾತಿನಿಂದ ಒಲೆಗೆ ಹೋದವು.

ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು. ಇದರಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಹಳೆಯ ಮೆಣಸಿನ ಬೀಜವನ್ನು ಕಣ್ಣುಮುಚ್ಚಿ ನಂಬಲೂ ಬಾರದು, ನೋಡಿದಾಕ್ಷಣ ಎಸೆಯಲೂ ಬಾರದು, ಎಣಿಸಿ ಮೊಳೆಯಿಸಿ ನೋಡಬೇಕು.

ಎರಡು ಮೆಣಸು, ಎರಡು ಸ್ವಭಾವ

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಕರಾವಳಿಯಲ್ಲಿ ಮೆಣಸು ಎಂದರೆ ಅಡಿಗೆಯ ಖಾರದ ಮೆಣಸಿನಕಾಯಿಯೂ ಹೌದು, ಅಡಿಕೆ ಮರಕ್ಕೆ ಹಬ್ಬುವ ಕಾಳುಮೆಣಸೂ ಹೌದು. ಕಾಳುಮೆಣಸು ಈ ನೆಲದ್ದೇ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಈ ಕಾಳುಮೆಣಸಿನ ವ್ಯಾಪಾರದಿಂದ. ಖಾರದ ಮೆಣಸಿನಕಾಯಿಯಾದರೋ ಅಮೆರಿಕ ಖಂಡದ್ದು. ಅದೇ ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ನಮ್ಮಲ್ಲಿಗೆ ಬಂದದ್ದು.

ಹೆಸರು ಒಂದಾದರೂ ಇವೆರಡರ ಬೀಜದ ಸ್ವಭಾವ ಒಂದಕ್ಕೊಂದು ವಿರುದ್ಧ. ಕಾಳುಮೆಣಸಿನ ಬೀಜ ಒಣಗಿದರೆ ಸಾಯುತ್ತದೆ. ಡಬ್ಬಿಯಲ್ಲಿಟ್ಟ ಒಣ ಕಾಳನ್ನು ಎಷ್ಟು ನೆನೆಸಿದರೂ ಅದು ಮೊಳೆಯುವುದಿಲ್ಲ. ಅದಕ್ಕಾಗಿ ಶ್ರಮಪಡುವುದು ವ್ಯರ್ಥ. ಮಲ್ಲಿಗೆಸರ, ತಟ್ಟಿಸರ ಮುಂತಾದ ನಮ್ಮ ಜಿಲ್ಲೆಯ ತಳಿಗಳನ್ನಾಗಲಿ, ಕೇರಳದ ಪನ್ನಿಯೂರು-1 ಅನ್ನಾಗಲಿ ಬಳ್ಳಿಯ ತುಂಡಿನಿಂದಲೇ ವೃದ್ಧಿ ಮಾಡುತ್ತೇವೆ. ಬೀಜದಿಂದ ಬೆಳೆದ ಬಳ್ಳಿ ತಾಯಿಯ ಗುಣವನ್ನು ಹಾಗೆಯೇ ತರುವುದೂ ಇಲ್ಲ.

ಮೆಣಸಿನಕಾಯಿಯ ಬೀಜ ಇದಕ್ಕೆ ವ್ಯತಿರಿಕ್ತ. ಒಣಗಿದಷ್ಟೂ ಅದು ಹೆಚ್ಚು ಕಾಲ ಬಾಳುತ್ತದೆ. ಅದನ್ನು ಕೊಲ್ಲುವುದು ತೇವ. ತಿಂಗಳುಗಟ್ಟಲೆ ಹಡಗಿನ ಪ್ರಯಾಣ ತಾಳಿ ಬಂದ ಬೆಳೆ ಹಿತ್ತಲಿನ ಮಡಕೆಯಲ್ಲಿ ಒಂದು ಮಳೆಗಾಲ ಕಳೆಯಲು ಸೋಲುವುದು ಈ ಕಾರಣದಿಂದಲೇ. ಇನ್ನು ಮುಂದೆ ಇಲ್ಲಿ ಮೆಣಸು ಎಂದರೆ ಖಾರದ ಮೆಣಸಿನಕಾಯಿ ಎಂದೇ ತಿಳಿಯಬೇಕು.

ಒಲೆ ಹೋಯಿತು, ಮಡಕೆ ಉಳಿಯಿತು

“ನಮ್ಮ ಅತ್ತೆಯ ಕಾಲದಲ್ಲಿ ಇದೇ ಅಟ್ಟದ ಮೇಲೆ ಇಟ್ಟ ಬೀಜ ಏಳುತ್ತಿತ್ತಲ್ಲ, ಈಗೇಕೆ ಏಳುವುದಿಲ್ಲ?” ಇದು ನ್ಯಾಯವಾದ ಪ್ರಶ್ನೆ. ಕಾಲ ಕೆಟ್ಟಿತು, ಬೀಜಕ್ಕೆ ಶಕ್ತಿ ಇಲ್ಲ ಎಂಬುದು ಇದಕ್ಕೆ ಉತ್ತರವಲ್ಲ. ಉತ್ತರ ಅಡಿಗೆಮನೆಯಲ್ಲಿದೆ.

ಹಿಂದೆ ಅಟ್ಟದ ಕೆಳಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸೌದೆ ಒಲೆ ಉರಿಯುತ್ತಿತ್ತು. ಆಷಾಢದ ಜಡಿಮಳೆಯಲ್ಲಿ ಹೊರಗಿನ ಗಾಳಿಯಲ್ಲಿ ಶೇಕಡಾ 90ರಷ್ಟು ತೇವಾಂಶವಿದ್ದು, ಉಷ್ಣತೆ 26 ಡಿಗ್ರಿ ಸೆಲ್ಸಿಯಸ್ ಇದೆಯೆಂದು ಇಟ್ಟುಕೊಳ್ಳಿ. ಅದೇ ಗಾಳಿ ಒಲೆಯ ಮೇಲೆ 35 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಶೇಕಡಾ 54ರ ಆಸುಪಾಸಿಗೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ. ಆದರೆ ಬಿಸಿ ಗಾಳಿಗೆ ನೀರು ಹಿಡಿದಿಡುವ ಶಕ್ತಿ ಹೆಚ್ಚಾದ್ದರಿಂದ ಅದು ಒಣ ಗಾಳಿಯಂತೆ ವರ್ತಿಸುತ್ತದೆ.

ಬೀಜ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇಕಡಾ 45 ಇದ್ದಲ್ಲಿ ಮೆಣಸಿನ ಬೀಜದ ತೇವ ಶೇಕಡಾ 8ರ ಹತ್ತಿರ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 75 ಇದ್ದರೆ ಬೀಜದಲ್ಲಿ 11ರಷ್ಟಾಗುತ್ತದೆ. ಗಾಳಿ 80 ದಾಟಿದರೆ ಬೀಜ 12ನ್ನು ಮೀರುತ್ತದೆ. ಅಮೆರಿಕದ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಒಂದು ಸರಳ ಸೂತ್ರವನ್ನು ಇಲ್ಲಿ ನೆನೆಯಬಹುದು: ಬೀಜದ ತೇವ ಒಂದು ಅಂಶ ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ; ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿಯಾಗುತ್ತದೆ. ಇದು ಅಂದಾಜಿನ ಸೂತ್ರ; ಬೀಜದ ತೇವ ಶೇಕಡಾ 5ರಿಂದ 14ರ ಒಳಗಿರುವಾಗ ಅನ್ವಯಿಸುತ್ತದೆ.

ಇದರಂತೆ ಲೆಕ್ಕ ಹಾಕಿ. ಒಲೆಯ ಬಿಸಿಯಿಂದ ಬೀಜದ ತೇವ ಮೂರೇ ಅಂಶ ಇಳಿದರೂ ಆಯುಸ್ಸು ಎಂಟು ಪಟ್ಟಾಯಿತು. ಅದೇ ಬಿಸಿ 9 ಡಿಗ್ರಿ ಏರಿದ್ದರಿಂದ ಆಯುಸ್ಸು ಹೆಚ್ಚೆಂದರೆ ನಾಲ್ಕನೆಯ ಒಂದಕ್ಕೆ ಇಳಿಯಿತು. ಕೂಡಿಸಿ ಕಳೆದರೆ ಎರಡು ಪಟ್ಟು ಲಾಭ ಉಳಿಯಿತು! ಜೊತೆಗೆ ಹೊಗೆಯಿಂದ ಹುಳುವಿನ ಕಾಟವೂ ಕಡಿಮೆ. ಹಿರಿಯರು ಈ ಲೆಕ್ಕ ಬರೆದಿರಲಿಲ್ಲ. ಆದರೆ ಅವರ ಪದ್ಧತಿಯಲ್ಲಿ ಲೆಕ್ಕವಿತ್ತು.

ಈಗ ಬಹುತೇಕ ಮನೆಗಳಿಗೆ ಅಡಿಗೆ ಅನಿಲ ಬಂದಿದೆ. ಹೆಣ್ಣುಮಕ್ಕಳ ಕಣ್ಣು, ಶ್ವಾಸಕೋಶಗಳ ಆರೋಗ್ಯದ ದೃಷ್ಟಿಯಿಂದ ಇದು ಅತ್ಯಂತ ಒಳ್ಳೆಯ ಬದಲಾವಣೆ. ಹಿಂದಕ್ಕೆ ಹೋಗಿ ಎಂದು ಯಾರೂ ಹೇಳಲಾರರು. ಆದರೆ ಒಲೆ ಹೋದ ಮೇಲೂ ಬೀಜದ ಮಡಕೆ ರೂಢಿಯಂತೆ ಅಟ್ಟದಲ್ಲೇ ಉಳಿಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಕೆಳಗೆ ಬೆಂಕಿಯಿಲ್ಲದ ಅಟ್ಟವೆಂದರೆ ಹಂಚಿನ ಕೆಳಗಿನ ಬೆಚ್ಚಗಿನ ಒದ್ದೆ ಜಾಗ. ಬೀಜಕ್ಕೆ ಇದಕ್ಕಿಂತ ಕೆಟ್ಟ ಸ್ಥಳ ಹುಡುಕಿದರೂ ಸಿಗಲಾರದು. ಪದ್ಧತಿಯ ಅರ್ಧ ಹೋಗಿ ಅರ್ಧ ಉಳಿದದ್ದೇ ಇಂದಿನ ತೊಂದರೆಯ ಮೂಲ.

ಒಣ ಹವೆಯ ಶಕ್ತಿ ಎಷ್ಟೆಂಬುದಕ್ಕೆ ದೂರದ ಒಂದು ನಿದರ್ಶನ ಸಾಕು. ಇಸ್ರೇಲಿನ ಮಸಾದಾ ಎಂಬ ಮರುಭೂಮಿಯ ಕೋಟೆಯಲ್ಲಿ ಉತ್ಖನನದಿಂದ ದೊರೆತ, ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ಮೊಳೆಯಿಸಲಾಯಿತು. ಅದು ಗಿಡವಾಗಿ ಬೆಳೆದಿದೆ. ನಮ್ಮ ಮೆಣಸಿಗೆ ಅಂಥ ಆಯುಸ್ಸು ಎಂದೂ ಇಲ್ಲ. ಆದರೆ ಬೀಜದ ವಯಸ್ಸನ್ನು ಪಂಚಾಂಗದಿಂದ ಮಾತ್ರ ಅಳೆಯಲಾಗದು, ಅದು ಕಳೆದ ಮಳೆಗಾಲಗಳಿಂದಲೂ ಅಳೆಯಬೇಕೆಂಬುದು ಇದರಿಂದ ತಿಳಿಯುತ್ತದೆ.

ಎರಡು ವಾದಗಳು

ಹಳೆಯ ಬೀಜದ ವಿಷಯದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. ಒಂದು ನಮ್ಮ ಪೈಕಿಯವರದು, ಅಂದರೆ ವಿಸ್ತರಣಾ ಕಾರ್ಯಕರ್ತರದು: ‘ಪ್ರತಿ ವರ್ಷ ಹೊಸ ಪೊಟ್ಟಣ ತನ್ನಿ, ಹಳೆಯದನ್ನು ಎಸೆಯಿರಿ.’ ಮಾರಾಟಕ್ಕಾಗಿ ಎಕರೆಗಟ್ಟಲೆ ಬೆಳೆಯುವವರಿಗೆ ಈ ಮಾತು ಬಹುಮಟ್ಟಿಗೆ ಸರಿ. ಅಲ್ಲಿ ಸಸಿ ಕಡಿಮೆ ಬಿದ್ದರೆ ನಷ್ಟ ದೊಡ್ಡದು. ಆದರೆ ಪೊಟ್ಟಣದ ಬೀಜವೂ ಬೀಜವೇ, ಅದಕ್ಕೂ ವಯಸ್ಸಾಗುತ್ತದೆ. ಪ್ರಮಾಣಿತ ಮೆಣಸಿನ ಬೀಜ ಕನಿಷ್ಠ ಶೇಕಡಾ 60 ಮೊಳೆಯಬೇಕೆಂದು ನಿಯಮವಿದೆ. ಚೀಟಿಯಲ್ಲಿ ಪರೀಕ್ಷೆಯ ದಿನಾಂಕವಿರುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಒಂಬತ್ತು ತಿಂಗಳವರೆಗೆ ಮಾತ್ರ ಅದು ಸಿಂಧು. ಆ ದಿನಾಂಕ ಓದದೆ ಕೊಂಡರೆ ಪೊಟ್ಟಣದಲ್ಲಿಯೂ ಹಳೆಯ ಬೀಜವೇ ಸಿಕ್ಕೀತು. ಒಮ್ಮೆ ಪೊಟ್ಟಣ ಒಡೆದು ಉಳಿಸಿಟ್ಟ ಬೀಜ ನಮ್ಮ ಮಡಕೆಯ ಬೀಜದಷ್ಟೇ ಬೇಗ ಕೆಡುತ್ತದೆ.

ಇದಲ್ಲದೆ, ಮನೆಯ ಮೀನು ಸಾರಿಗೂ ಉಪ್ಪಿನಕಾಯಿಗೂ ಒಗ್ಗಿದ, ಹಿತ್ತಲಿನ ಮರಳು ಮಣ್ಣಿಗೂ ಹವೆಗೂ ಹೊಂದಿಕೊಂಡ ಊರ ಮೆಣಸು ಯಾವ ಪೊಟ್ಟಣದಲ್ಲಿಯೂ ಬರುವುದಿಲ್ಲ. ಕುಮಟಾ-ಹೊನ್ನಾವರ ಕಡೆಯ ಗಜನಿಗಳಲ್ಲಿ ಉಪ್ಪು ನೀರು ತಾಳುವ ಕಗ್ಗ ಭತ್ತ ಉಳಿದದ್ದು ಅಂಗಡಿಯಿಂದಲ್ಲ, ರೈತರ ಮನೆಯಿಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತದ್ದೂ ತಲೆತಲಾಂತರದಿಂದ ಬೀಜ ಕಟ್ಟಿಟ್ಟ ಬೇಸಾಯಗಾರರ ಫಲವೇ. ನಮ್ಮ ಊರ ಮೆಣಸಿಗೆ ಅಷ್ಟು ಹೆಸರಿಲ್ಲದಿರಬಹುದು. ಹೆಸರಿಲ್ಲದ್ದರಿಂದಲೇ ಅದು ಹೋದರೆ ಕೇಳುವವರೂ ಇಲ್ಲ.

ಇನ್ನೊಂದು ವಾದ ಇದಕ್ಕೆ ಎದುರಿನದು: ‘ಹಿರಿಯರ ಬೀಜ ಎಂದೂ ಕೆಡದು.’ ಇದೂ ತಪ್ಪು. ಬೀಜಕ್ಕೆ ಭಕ್ತಿಯಿಂದ ಆಯುಸ್ಸು ಬರುವುದಿಲ್ಲ. ಸತ್ತ ಬೀಜವನ್ನು ಬದುಕಿಸುವ ಔಷಧವೂ ಇಲ್ಲ. ಮುಂದೆ ನಾನು ಹೇಳುವ ಉಪಚಾರಗಳೆಲ್ಲ ಬಡವಾಗಿ ಬದುಕಿರುವ ಬೀಜಕ್ಕೆ ಆಸರೆ ಕೊಡುವಂಥವು ಮಾತ್ರ. ಹೈಬ್ರಿಡ್ ಮೆಣಸಿನ ಹಣ್ಣಿನಿಂದ ಬೀಜ ತೆಗೆದು ಇಡುವುದೂ ಪ್ರಯೋಜನವಿಲ್ಲ. ಮುಂದಿನ ಪೀಳಿಗೆಯಲ್ಲಿ ಗಿಡಗಳು ನಾನಾ ಬಗೆಯಾಗಿ ಒಡೆಯುತ್ತವೆ.

ಚೌತಿಯ ಪರೀಕ್ಷೆ

ಹಾಗಾದರೆ ಮಾಡುವುದೇನು? ಪಾತಿಗೆ ಹಾಕುವುದಕ್ಕೆ ಒಂದು ತಿಂಗಳು ಮೊದಲೇ, ಅಂದರೆ ಗಣೇಶ ಚೌತಿ ಮುಗಿದ ವಾರದಲ್ಲಿ, ಪ್ರತಿ ಮನೆಯಲ್ಲಿ ಬೀಜ ಪರೀಕ್ಷೆ ನಡೆಯಬೇಕೆಂಬುದು ನನ್ನ ಸಲಹೆ. ಆಗ ಬೀಜ ಸೋತಿದ್ದು ಕಂಡರೆ ನೆರೆಯವರಲ್ಲಿ ಕೇಳಲು, ಹೊಸದನ್ನು ತರಲು ಸಮಯ ಉಳಿಯುತ್ತದೆ. ಪಾತಿಯಲ್ಲಿ ಸೋಲುವುದಕ್ಕಿಂತ ಬಟ್ಟೆಯಲ್ಲಿ ಸೋಲುವುದು ಲೇಸು.

ವಿಧಾನ ಸುಲಭ. ಮಡಕೆಯ ಮೇಲಿನಿಂದ, ನಡುವಿನಿಂದ, ತಳದಿಂದ ಬೀಜ ತೆಗೆದು ಬೆರೆಸಿ ಅದರಲ್ಲಿ ನೂರು ಎಣಿಸಿಕೊಳ್ಳಬೇಕು. ದಪ್ಪನೆಯದನ್ನು ಆರಿಸಬಾರದು, ಆರಿಸಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ. ಬೀಜ ಕಡಿಮೆ ಇದ್ದರೆ ಐವತ್ತು ಸಾಕು. ತೊಳೆದ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬೀಜಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಬಟ್ಟೆಯನ್ನು ಸಡಿಲವಾಗಿ ಸುತ್ತಬೇಕು. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಗಾಳಿಯಾಡುವಂತೆ ಬಾಯಿ ಅರ್ಧ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಇಡಬೇಕು. 25ರಿಂದ 30 ಡಿಗ್ರಿ ಮೆಣಸಿಗೆ ಹಿತವಾದ ಉಷ್ಣತೆ. ಬಟ್ಟೆ ಆರಿದರೆ ನೀರು ಚಿಮುಕಿಸಬೇಕು. ನೀರು ತೊಟ್ಟಿಕ್ಕುವಂತೆ ಮಾತ್ರ ಇರಬಾರದು.

ಏಳನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಇನ್ನೊಮ್ಮೆ ಬಿಚ್ಚಿ ಎಣಿಸಿ. ಇದು ಪ್ರಯೋಗಾಲಯಗಳೂ ಅನುಸರಿಸುವ ಲೆಕ್ಕ. ಹಳೆಯ ಬೀಜವಾದರೆ ಇನ್ನೂ ಒಂದು ವಾರ ಕಾಯಿರಿ. ವಯಸ್ಸಾದ ಬೀಜ ನಿಧಾನವಾಗಿ ಏಳುತ್ತದೆ. ಸೂಜಿಮೆಣಸಿನ ಬೀಜ ಹೊಸದಿದ್ದರೂ ತಡಮಾಡಿ ಮೊಳೆಯುವುದುಂಟು. ಬೇರು ಸೊಟ್ಟಗಾದ, ತುದಿ ಕಂದಿದ ಮೊಳಕೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಅವು ಪಾತಿಯಲ್ಲಿ ಮಣ್ಣು ಸೀಳಿ ಮೇಲೆ ಬರಲಾರವು.

ನೀರಿಗೆ ಹಾಕಿ ತೇಲಿದ್ದನ್ನು ಎಸೆಯುವ ಪದ್ಧತಿ ಮೆಣಸಿಗೆ ಹೊಂದುವುದಿಲ್ಲ. ಅದು ಚಪ್ಪಟೆಯಾದ ಹಗುರ ಬೀಜ. ಒಳ್ಳೆಯ ಬೀಜವೂ ಮೊದಲು ತೇಲುತ್ತದೆ. ಬಣ್ಣ ನೋಡಿ ತೀರ್ಮಾನಿಸುವುದೂ ಸಾಲದು. ನನ್ನ ತಪ್ಪನ್ನು ಮೇಲೆಯೇ ಹೇಳಿದ್ದೇನೆ.

ಎಣಿಕೆಯ ನಂತರದ ತೀರ್ಮಾನ ಹೀಗಿರಲಿ. ನೂರಕ್ಕೆ 60 ಅಥವಾ ಹೆಚ್ಚು ಮೊಳೆತರೆ ಎಂದಿನಂತೆ ಬಿತ್ತಬಹುದು. ಒಂದು ಗುಂಟೆ ನಾಟಿಗೆ ಸುಮಾರು 12 ಗ್ರಾಂ ಬೀಜದ ಪಾತಿ ಬೇಕಾಗುತ್ತದೆ. 30ರಿಂದ 60ರ ನಡುವೆ ಇದ್ದರೆ ಅದೇ ಒಂದು ಗುಂಟೆಗೆ 24 ಗ್ರಾಂ, ಅಂದರೆ ಇಮ್ಮಡಿ ಬೀಜ ಹಾಕಬೇಕು. 30ಕ್ಕೂ ಕಡಿಮೆಯಾದರೆ ಅದನ್ನು ಬೆಳೆಗಾಗಿ ನಂಬಬಾರದು. ಬೆಳೆಗೆ ಬೇರೆ ಬೀಜ ಹೊಂದಿಸಿಕೊಳ್ಳಬೇಕು. ಆದರೆ ಎಸೆಯಲೂ ಬಾರದು. ಅದು ತಳಿ ಉಳಿಸಿಕೊಳ್ಳುವ ಬೀಜ. ಒಂದು ಗ್ರಾಂ ಮೆಣಸಿನಲ್ಲಿ 150ರಿಂದ 200 ಬೀಜಗಳಿರುತ್ತವೆ. ನೂರಕ್ಕೆ ಐದೇ ಎದ್ದರೂ ಒಂದು ಚಮಚೆ ಬೀಜದಿಂದ ಹತ್ತಾರು ಸಸಿ ಪಡೆಯಬಹುದು. ಹೊಸ ಬೀಜ ಕಟ್ಟಲು ಅಷ್ಟು ಸಾಕು. ಒಂದೂ ಏಳದಿದ್ದರೆ ಮಾತ್ರ ಅದನ್ನು ಗೊಬ್ಬರಗುಂಡಿಗೆ ಹಾಕಿ.

ಬಡವಾದ ಬೀಜಕ್ಕೆ ಆಸರೆ

ತಳಿ ಉಳಿಸಲು ಹಾಕುವ ಹಳೆಯ ಬೀಜವನ್ನು ಗದ್ದೆಯ ಪಾತಿಗೆ ಚೆಲ್ಲಬೇಡಿ. ಒಣ ಬೀಜವನ್ನು ಒಮ್ಮೆಲೇ ನೀರಿನಲ್ಲಿ ಮುಳುಗಿಸಲೂ ಬೇಡಿ; ಮುಪ್ಪಾದ ಬೀಜದ ಒಳಪೊರೆ ಬಲಹೀನವಾಗಿರುವುದರಿಂದ ನೀರು ರಭಸದಿಂದ ಒಳನುಗ್ಗಿ ಕೆಡಿಸುತ್ತದೆ. ಮೊದಲ ರಾತ್ರಿ ಒದ್ದೆ ಬಟ್ಟೆಯ ನಡುವೆ ಇಟ್ಟು ನಿಧಾನವಾಗಿ ತೇವ ಹೀರಿಸಿ. ಮರುದಿನ ಒಂದು ಲೀಟರ್ ನೀರಿಗೆ 2 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಕರಗಿಸಿ ಆ ನೀರಿನಿಂದ ಬಟ್ಟೆಯನ್ನು ತೋಯಿಸಿ. ಇದು ಹನಿ ನೀರಾವರಿಯವರು ಬಳಸುವ 13-0-45 ಗೊಬ್ಬರವೇ. ಇದು ಸಿಗದಿದ್ದರೆ ಬರಿಯ ನೀರೂ ಆದೀತು. ಮೊಳಕೆಯ ಬಿಳಿ ತುದಿ ಕಂಡ ಬೀಜವನ್ನು ಆಗಿಂದಾಗ ಚಿಮಟದಿಂದ ಎತ್ತಿ ಒಂದೊಂದಾಗಿ ನೆಡಬೇಕು.

ನೆಡಲು ತೆಂಗಿನ ಗೆರಟೆಗಳೇ ಸಾಕು. ತಳಕ್ಕೆ ತೂತು ಮಾಡಿ, ಜರಡಿ ಹಿಡಿದ ಗೊಬ್ಬರ, ಮರಳು, ಕಳಿತ ತೆಂಗಿನ ನಾರಿನ ಪುಡಿ ಸಮನಾಗಿ ಬೆರೆಸಿ ತುಂಬಿ, ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳ ಇಡದೆ ಮುಚ್ಚಿ. ಹಳೆಯ ಬೀಜದ ಸಸಿ ಬುಡ ಕೊಳೆತು ಬೀಳುವ ರೋಗಕ್ಕೆ ಬೇಗ ತುತ್ತಾಗುತ್ತದೆ. ಆದ್ದರಿಂದ ಮಣ್ಣಿಗೆ ಟ್ರೈಕೋಡರ್ಮ ಬೆರೆಸಿ, ಮಳೆಯ ಹನಿ ನೇರವಾಗಿ ಬೀಳದ ಜಗುಲಿಯಂಚಿನಲ್ಲಿ ಬೆಳಕಿರುವಲ್ಲಿ ಇಟ್ಟು, ನೀರನ್ನು ಮಿತವಾಗಿ ಕೊಡಿ. ರೋಗನಿವಾರಣೆಗೆಂದು ಹೊಸ ಬೀಜಕ್ಕೆ ಮಾಡುವ ಬಿಸಿನೀರಿನ ಉಪಚಾರ ಹಳೆಯ ಬೀಜಕ್ಕೆ ಬೇಡ. ಉಳಿದ ಜೀವವೂ ಹೋದೀತು.

ಸಂಗ್ರಹದ ನಡುವೆ ಬೀಜವನ್ನು ಕೆಲವು ಗಂಟೆ ನೆನೆಸಿ ಮತ್ತೆ ಒಣಗಿಸಿದರೆ ಆಯುಸ್ಸು ಹೆಚ್ಚುತ್ತದೆಂದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಆರ್.ಎನ್. ಬಸು ಮತ್ತು ಸಂಗಡಿಗರು ಹಲವು ಬೆಳೆಗಳಲ್ಲಿ ತೋರಿಸಿದ್ದಾರೆ. ಆದರೆ ನೆನೆಸಿದ ಬೀಜವನ್ನು ಮೊದಲಿನಷ್ಟೇ ಒಣಗಿಸಲು ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಾಧ್ಯವಿಲ್ಲವಾದ್ದರಿಂದ ಮನೆಮಟ್ಟಕ್ಕೆ ನಾನು ಇದನ್ನು ಶಿಫಾರಸು ಮಾಡಲಾರೆ.

ಬಾಟಲಿಯೊಳಗೊಂದು ಒಲೆ

ಮುಂದಿನ ವರ್ಷ ಇದೇ ಪಾಡು ಬರಬಾರದೆಂದರೆ ಹೊಸ ಬೀಜವನ್ನು ಮಳೆಗಾಲಕ್ಕೆ ಮೊದಲೇ ಭದ್ರಪಡಿಸಬೇಕು. ರೋಗವಿಲ್ಲದ ಗಿಡಗಳಿಂದ, ಪೂರ್ಣ ಕೆಂಪಾದ ಹಣ್ಣುಗಳನ್ನು ಆರಿಸಿ. ಕಪ್ಪು ಚುಕ್ಕೆಯ ಕೊಳೆ ಇರುವ ಹಣ್ಣನ್ನು ತೆಗೆದುಕೊಳ್ಳಬೇಡಿ. ಆ ರೋಗ ಬೀಜದೊಡನೆ ಬರುತ್ತದೆ. ಮೆಣಸಿನಲ್ಲಿ ದುಂಬಿಗಳಿಂದ ಪರಕೀಯ ಪರಾಗಸ್ಪರ್ಶ ಸಾಕಷ್ಟು ಆಗುವುದರಿಂದ ಪಕ್ಕದಲ್ಲಿ ಬೇರೆ ಮೆಣಸಿದ್ದರೆ ಬೀಜದ ಗಿಡಗಳಿಗೆ ಹೂ ಬಿಡುವ ಮೊದಲೇ ಸೊಳ್ಳೆಪರದೆಯ ಬಟ್ಟೆ ಹೊದಿಸಿ. ಸಾಧ್ಯವಾದಷ್ಟೂ ಇಪ್ಪತ್ತು ಮೂವತ್ತು ಗಿಡಗಳಿಂದ ಬೀಜ ಕೂಡಿಸಿ. ಒಂದೇ ಒಳ್ಳೆಯ ಗಿಡದಿಂದ ತೆಗೆದರೆ ತಳಿ ಕಿರಿದಾಗುತ್ತದೆ.

ಬೀಜ ಬಿಡಿಸಿ ನೆರಳಿನಲ್ಲಿ ಗಾಳಿಗೆ ಒಣಗಿಸಿ. ಆದರೆ ನಮ್ಮ ಕರಾವಳಿಯ ಗಾಳಿ ಬೇಸಗೆಯಲ್ಲಿಯೂ ಒದ್ದೆಯೇ. ಬರಿಯ ಗಾಳಿಯಿಂದ ಬೀಜದ ತೇವ ಬೇಕಾದಷ್ಟು ಇಳಿಯದು. ಇದಕ್ಕೆ ಅಗ್ಗದ ಉಪಾಯ ಹುರಿದ ಅಕ್ಕಿ. ಬೀಜದ ಎರಡು ಪಟ್ಟು ತೂಕದ ಅಕ್ಕಿಯನ್ನು ಕಂದು ಬರುವಷ್ಟು ಹುರಿದು, ಗಾಳಿಯಾಡದ ಡಬ್ಬಿಯಲ್ಲಿ ಆರಿಸಿ, ಗಾಜಿನ ಬಾಟಲಿಯ ತಳಕ್ಕೆ ಹಾಕಿ. ಅದರ ಮೇಲೆ ಬಟ್ಟೆಯ ಗಂಟಿನಲ್ಲಿ ಬೀಜ ಇಟ್ಟು ಬಿಗಿಯಾಗಿ ಮುಚ್ಚಳ ಹಾಕಿ. ಒಂದು ವಾರದ ನಂತರ ಅಕ್ಕಿಯನ್ನು ಮತ್ತೆ ಹುರಿದು ಆರಿಸಿ ಹಾಕಿ. ಬೀಜವನ್ನು ಬೆರಳಿನಿಂದ ಮಡಿಸಿದರೆ ಬಾಗದೆ ಪಟ್ಟನೆ ಮುರಿಯುವಂತಾದರೆ ಒಣಗಿದೆ ಎಂದು ತಿಳಿಯಬಹುದು. ಪ್ರಮಾಣಿತ ಬೀಜಕ್ಕೆ ಸಾಮಾನ್ಯ ಚೀಲದಲ್ಲಿ ಶೇಕಡಾ 8, ತೇವ ಒಳಹೋಗದ ಪೊಟ್ಟಣದಲ್ಲಿ ಶೇಕಡಾ 6 ತೇವದ ಮಿತಿ ಇದೆ. ನಮ್ಮ ಗುರಿಯೂ ಅದೇ. ಹಿಂದಿನವರ ಒಲೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹುರಿದ ಅಕ್ಕಿ ಬಾಟಲಿಯೊಳಗೆ ಮಾಡುತ್ತದೆ.

ಬಾಟಲಿಯನ್ನು ಅಟ್ಟಕ್ಕೆ ಏರಿಸದೆ ಮನೆಯ ತಂಪಾದ ಕತ್ತಲೆಯ ಮೂಲೆಯಲ್ಲಿ ಇಡಿ. ಫ್ರಿಜ್ ಇದ್ದವರು ಅದರೊಳಗೆ ಇಡಬಹುದು. ಆದರೆ ಬಾಟಲಿ ಬಿಗಿಯಾಗಿ ಮುಚ್ಚಿರಬೇಕು. ಹೊರತೆಗೆದಾಗ ಅದು ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬಾರದು; ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ನೀರು ಕೂಡುತ್ತದೆ. ಬಾಟಲಿಯ ಮೇಲೆ ತಳಿಯ ಹೆಸರು ಮತ್ತು ವರ್ಷ ಬರೆದಿಡಿ.

ಕೊನೆಯ ಮಾತು

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಆದರೆ ಬೀಜ ಸತ್ತರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಆದ್ದರಿಂದ ಪ್ರತಿ ಎರಡು ವರ್ಷಕ್ಕೊಮ್ಮೆಯಾದರೂ ಊರ ಮೆಣಸನ್ನು ಬೆಳೆದು ಬೀಜ ಹೊಸದು ಮಾಡಿಕೊಳ್ಳಿ. ಹೊಸ ಬೀಜದ ಅರ್ಧವನ್ನು ನೆರೆಮನೆಯವರಿಗೆ ಕೊಡಿ. ನಿಮ್ಮ ಬಾಟಲಿ ಕೆಟ್ಟ ವರ್ಷ ಅವರ ಬಾಟಲಿ ನಿಮ್ಮನ್ನು ಕಾಯುತ್ತದೆ. ಮಹಿಳಾ ಸ್ವಸಹಾಯ ಸಂಘಗಳು ಚೌತಿಯ ವಾರದಲ್ಲಿ ಒಟ್ಟಾಗಿ ಕುಳಿತು ತಂತಮ್ಮ ಬೀಜ ಎಣಿಸಿದರೆ ಇನ್ನೂ ಒಳ್ಳೆಯದು.

ನನ್ನ ಸಹೋದ್ಯೋಗಿಗಳಿಗೂ ಒಂದು ವಿನಂತಿ. ಕರಾವಳಿಯಲ್ಲಿ ಬೀಜ ಕಾಯುವ ಕೆಲಸ ಬಹುಪಾಲು ಹೆಂಗಸರದು. ನಮ್ಮ ತರಬೇತಿಗಳಿಗೆ ಕರೆ ಹೋಗುವುದು ಬಹುಪಾಲು ಗಂಡಸರಿಗೆ. ರೈತ ಮಹಿಳೆಯೊಬ್ಬರು ಸೆರಗಿನ ಗಂಟು ಬಿಚ್ಚಿ ಬೀಜ ತೋರಿಸಿದಾಗ ಉತ್ತರ ಕೊಡುವ ಮೊದಲು ನೂರು ಬೀಜ ಕೇಳಿ ಪಡೆಯಿರಿ, ಮೂರು ವಾರ ಕಾಯಿರಿ. ಉಳಿದ ಬೀಜವನ್ನು ಅಲ್ಲಿಯವರೆಗೆ ಎತ್ತಿಡಲು ಹೇಳಿ. ನಾನು ಅಂದು ಹೇಳದೆ ಬಿಟ್ಟ ಮಾತು ಅಷ್ಟೇ.